ಘಟ್ಟ ಬಂದ್ ಆದ ದಿನದ ಪಗಾರ ಯಾರದು? ವಕೀಲರ ಜತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದಾಗಿನಿಂದ ಗುಂಪಿನಲ್ಲಿ ಎರಡೇ ಮಾತು. ಘಟ್ಟ ಬಂದ್ ಆಯ್ತಾ, ಪಗಾರ ಕಟ್ ಆಯ್ತಾ. ಅದಕ್ಕೇ ಕಾರವಾರದ ನಮ್ಮ ವಕೀಲರನ್ನು ಕೇಳಿಕೊಂಡೆವು. ಕಾರ್ಮಿಕರ ಕೇಸು, ಗ್ರಾಹಕರ ಕೇಸು ಎರಡನ್ನೂ ನಡೆಸುವವರು. ಪ್ರಶ್ನೆ ಹಾಕುವವರು ಮಾಲಕರ ಹೆಸರು, ಅಂಗಡಿ ಹೆಸರು ಬರೆಯಬೇಡಿ.

ವಕೀಲರು: ಶುರು ಮಾಡುವ ಮೊದಲು ಒಂದು ಮಾತು. ಮಳೆ ಯಾರ ತಪ್ಪೂ ಅಲ್ಲ, ಒಪ್ಪಿದೆ. ಆದರೆ ಪಗಾರದ ಜಗಳದಲ್ಲಿ ಕಾನೂನು ಮಳೆಯ ಸುದ್ದಿಗೆ ಹೋಗುವುದಿಲ್ಲ. ಬಾಗಿಲು ಹಾಕಿದ್ದು ಮಾಲಕರಾ, ಬಾರದೇ ಉಳಿದದ್ದು ನೀವಾ ಅಂತ ಕೇಳುತ್ತದೆ. ಅದನ್ನು ಹೇಳಿಯೇ ಪ್ರಶ್ನೆ ಬರೆಯಿರಿ.

ಪ್ರಶ್ನೆ (ಕುಮಟಾ): ವಕೀಲರೇ, ನನ್ನ ಮನೆ ಕುಮಟಾ ಹತ್ತಿರ, ಕೆಲಸ ಶಿರಸಿಯ ಒಂದು ಬಟ್ಟೆ ಅಂಗಡಿಯಲ್ಲಿ. ದೇವಿಮನೆ ಘಟ್ಟದಲ್ಲಿ ಧರೆ ಕುಸಿದು ಮೂರು ದಿನ ಬಸ್ಸಿಲ್ಲ. ಬೈಕಿನಲ್ಲಿ ಹೋಗೋಣ ಅಂದರೆ ಆಯಿ ಬಿಡಲಿಲ್ಲ. ತಿಂಗಳ ಕೊನೆಗೆ ನೋಡಿದರೆ ಆರು ದಿನದ ಪಗಾರ ಕಟ್. "ಯೂನಿಫಾರ್ಮ್ ಸೀಸನ್ನಿನಲ್ಲಿ ಕೈ ಕೊಟ್ಟೆ, ಒಂದಕ್ಕೆ ಎರಡು" ಅಂದರು ಸೇಟು. ಇದು ಸರಿಯಾ?

ವಕೀಲರು: ತಮ್ಮಾ, ಮೊದಲು ಕಹಿ ಹೇಳುತ್ತೇನೆ. ನೀವು ಹೋಗಲಿಲ್ಲ, ಅಂಗಡಿ ತೆರೆದಿತ್ತು. ಕಾರಣ ಎಷ್ಟೇ ನಿಜವಿದ್ದರೂ ಆ ಮೂರು ದಿನದ ಪಗಾರ ಹಿಡಿಯಲು ಅವರಿಗೆ ಹಕ್ಕಿದೆ. ಮನೆಯಿಂದ ಅಂಗಡಿಗೆ ಬರುವ ದಾರಿಯ ಹೊಣೆ ಕೆಲಸಗಾರನದೇ ಅಂತ ಕಾನೂನು ಹಿಡಿಯುತ್ತದೆ. ನನಗೂ ಇದು ಅಷ್ಟು ಸರಿ ಕಾಣುವುದಿಲ್ಲ. ಗುಡ್ಡ ಬಿದ್ದ ಮೇಲೆ ಕುಮಟಾದ ಹುಡುಗ ಹಾರಿ ಬರಬೇಕಾ? ಆದರೆ ಇರುವುದು ಹಾಗೆ.

ಈಗ ಸಿಹಿ. ಮೂರು ದಿನಕ್ಕೆ ಆರು ದಿನ ಹಿಡಿಯುವುದು ಕಾನೂನುಬಾಹಿರ. ಬಾರದ ದಿನ ಎಷ್ಟೋ ಅಷ್ಟೇ ದಿನದ ಲೆಕ್ಕ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಹೀಗೇ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಹೀಗೇ ಇದೆ. ದಂಡ ಅಂತ ಬೇರೆ ಹಾಕುತ್ತೇನೆ ಅಂದರೂ ಅದಕ್ಕೆ ಮೊದಲೇ ನೋಟಿಸ್ ಹಚ್ಚಿರಬೇಕು, ನಿಮ್ಮ ಮಾತು ಕೇಳಬೇಕು. ಅಷ್ಟು ಮಾಡಿದರೂ ತಿಂಗಳ ಪಗಾರದ ನೂರಕ್ಕೆ 3 ರೂಪಾಯಿ ದಾಟುವಂತಿಲ್ಲ.

ಇನ್ನೊಂದು ದಾರಿಯೂ ಇದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಪ್ರಕಾರ 20 ದಿನ ದುಡಿದರೆ ಒಂದು ದಿನ ಸಂಬಳದ ರಜೆ ಜಮಾ ಆಗುತ್ತದೆ. ಅದಲ್ಲದೆ ಕಾಯಿಲೆಗೋ ಬೇರೆ ಸರಿಯಾದ ಕಾರಣಕ್ಕೋ ವರ್ಷಕ್ಕೆ 12 ದಿನದವರೆಗೆ ಸಂಬಳದ ರಜೆ ಕೇಳಬಹುದು. ರಸ್ತೆ ಮುಚ್ಚಿದ್ದು ಸರಿಯಾದ ಕಾರಣ ಅಲ್ಲ ಅಂತ ಯಾರು ಹೇಳುತ್ತಾರೆ? ಆ ಮೂರು ದಿನವನ್ನು ಈ ರಜೆಯಲ್ಲಿ ಹಿಡಿಯಿರಿ ಅಂತ ಬರೆದು ಕೊಡಿ. ಜಿಲ್ಲಾಧಿಕಾರಿಗಳು ಘಟ್ಟ ಬಂದ್ ಮಾಡಿದ ಆದೇಶದ ಪ್ರತಿ, ಇಲ್ಲದಿದ್ದರೆ ಆ ದಿನದ ಪೇಪರ್ ಕಟಿಂಗ್ ಜತೆಗಿಡಿ. ಅಂಕೋಲಾ, ಯಲ್ಲಾಪುರ ಸುತ್ತಿ ಬರಬಹುದಿತ್ತಲ್ಲ ಅಂತ ಸೇಟು ಕೇಳಬಹುದು. ಕುಮಟಾದಿಂದ ಶಿರಸಿಗೆ ನೇರ ದಾರಿ ಸುಮಾರು 60 ಕಿಲೋಮೀಟರ್, ಸುತ್ತಿದರೆ ದುಪ್ಪಟ್ಟಿಗಿಂತ ಜಾಸ್ತಿ. ಬಸ್ಸಿನ ಖರ್ಚು ಲೆಕ್ಕ ಹಾಕಿ ತೋರಿಸಿ, ಮಾತು ಅಲ್ಲಿಗೇ ನಿಲ್ಲುತ್ತದೆ.

ಅದೇ ಕುಮಟಾದವರು: ಒಂದು ಬಿಟ್ಟಿದ್ದೆ ಸರ್. ಎರಡನೇ ದಿನ ಸೇಟು ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸಿದ್ದರು. "ಪೇಟೆಯಲ್ಲಿ ಗಿರಾಕಿಯೇ ಇಲ್ಲ, ನಾಳೆ ಅಂಗಡಿ ತೆಗೆಯುವುದಿಲ್ಲ, ಬರಬೇಡ" ಅಂತ.

ವಕೀಲರು: ಮಾರಾಯ್ರೇ, ಇದನ್ನಲ್ಲವಾ ಮೊದಲು ಹೇಳಬೇಕಿತ್ತು! ಮೂರನೇ ದಿನ ಬಾಗಿಲು ಹಾಕಿದ್ದು ಅವರು. ಬರಬೇಡ ಅಂತ ಹೇಳಿ ಬರಲಿಲ್ಲ ಅಂತ ಪಗಾರ ಹಿಡಿದರೆ ಹೇಗೆ? ಆ ದಿನದ ಪಗಾರ ಕೇಳುವ ಹಕ್ಕು ನಿಮ್ಮದು. ಆ ವಾಯ್ಸ್ ಅಳಿಸಬೇಡಿ. ಬೇರೆ ಫೋನಿಗೂ ಕಳಿಸಿಟ್ಟುಕೊಳ್ಳಿ. ಮೊದಲು ಸಮಾಧಾನದಲ್ಲಿ ಮಾತಾಡಿ. ಒಪ್ಪದಿದ್ದರೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214, ಇಲ್ಲವೇ ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿ.

ಪ್ರಶ್ನೆ (ಅಂಕೋಲಾ): ನಾನು ಗೇರುಬೀಜದ ಕಾರ್ಖಾನೆಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತೇನೆ. ನೂರಿಪ್ಪತ್ತು ಜನ ಇದ್ದೇವೆ, ಹೆಚ್ಚಿನವರು ಹೆಂಗಸರು. ನೀರು ನುಗ್ಗಿ, ಕರೆಂಟ್ ಹೋಗಿ ನಾಲ್ಕು ದಿನ ಬಂದ್. ಕೆಲಸ ಇಲ್ಲ, ಪಗಾರ ಇಲ್ಲ ಅಂದರು ಮ್ಯಾನೇಜರು. ನಮಗೆಂತ ಏನೂ ಇಲ್ಲವಾ?

ವಕೀಲರು: ಇದೆ ಅಕ್ಕಾ. ನಿಮ್ಮದು ಅಂಗಡಿಯವರಿಗಿಂತ ಗಟ್ಟಿ ಕೇಸು. ಪ್ರಕೃತಿ ವಿಕೋಪ, ಕರೆಂಟ್ ಇಲ್ಲದ್ದು, ಯಂತ್ರ ಕೆಟ್ಟದ್ದು, ಇಂಥ ಕಾರಣಕ್ಕೆ ಮಾಲಕರು ಕೆಲಸ ಕೊಡಲಾಗದಿದ್ದರೆ ಅದಕ್ಕೆ ಲೇ-ಆಫ್ ಅನ್ನುತ್ತಾರೆ. ಕೆಲಸದಿಂದ ತೆಗೆದದ್ದಲ್ಲ, ತಾತ್ಕಾಲಿಕವಾಗಿ ಕೂರಿಸಿದ್ದು. ಆಗ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿದ ಮೊತ್ತದ ಅರ್ಧ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ನಿಯಮ ಈಗಿನ ಕೈಗಾರಿಕಾ ಸಂಬಂಧ ಸಂಹಿತೆಗೂ ಬಂದಿದೆ.

ಷರತ್ತುಗಳಿವೆ. ಕಾರ್ಖಾನೆಯಲ್ಲಿ 50 ಜನರಾದರೂ ಇರಬೇಕು, ನಿಮ್ಮಲ್ಲಿ ಇದ್ದಾರೆ. ಒಂದು ವರ್ಷ ಬಿಡದೆ ದುಡಿದಿರಬೇಕು, ಅಂದರೆ ಹನ್ನೆರಡು ತಿಂಗಳಲ್ಲಿ 240 ದಿನ. ಹೆಸರು ಹಾಜರಿ ಪುಸ್ತಕದಲ್ಲಿರಬೇಕು. ಬದಲಿ ಕೆಲಸದವರಿಗೆ, ಆಗೀಗ ಕರೆಸುವ ಕ್ಯಾಶುವಲ್ ಕೆಲಸದವರಿಗೆ ಇದು ಸಿಗುವುದಿಲ್ಲ. ಇಲ್ಲೇ ಜಾಸ್ತಿ ಮೋಸ ಆಗುವುದು. ಆರು ವರ್ಷ ದುಡಿಸಿಕೊಂಡು ಪುಸ್ತಕದಲ್ಲಿ ಮಾತ್ರ "ಕ್ಯಾಶುವಲ್" ಅಂತ ಬರೆದಿಟ್ಟಿರುತ್ತಾರೆ. "ನಮ್ಮದು ಸೀಸನ್ ಕಾರ್ಖಾನೆ" ಅಂತಲೂ ಹೇಳಬಹುದು, ಯಾಕೆಂದರೆ ಸೀಸನ್ನಿನ ಕೆಲಸಕ್ಕೆ ಈ ನಿಯಮ ಇಲ್ಲ. ಆದರೆ ಅದು ಸೀಸನ್ ಕೆಲಸವೋ ಅಲ್ಲವೋ ಅಂತ ತೀರ್ಮಾನಿಸುವುದು ಸರ್ಕಾರ. ಮ್ಯಾನೇಜರ್ ಅಲ್ಲ.

ಹೆಚ್ಚಿನವರು ತಪ್ಪುವುದು ಇನ್ನೊಂದು ಕಡೆ. ಬಂದ್ ಇದ್ದ ದಿನವೂ ದಿನಕ್ಕೊಮ್ಮೆ ಗೇಟಿಗೆ ಹೋಗಿ ಹಾಜರಿ ತೋರಿಸಬೇಕು. ಮನೆಯಲ್ಲೇ ಕೂತರೆ ಆ ದಿನದ ಅರ್ಧ ಪಗಾರಕ್ಕೂ ಹಕ್ಕಿಲ್ಲ. ಬರಬೇಡಿ ಅಂತ ಅವರೇ ಹೇಳಿದ್ದರೆ ಬರಹದಲ್ಲಿ ಕೇಳಿ. ಬರೆದು ಕೊಡದಿದ್ದರೆ ನಾಲ್ಕು ಜನ ಒಟ್ಟಿಗೆ ಹೋಗಿ ಗೇಟಿನ ಎದುರು ಒಂದು ಫೋಟೋ ತೆಗೆದಿಡಿ. ಕೊಡೆ ಹಿಡಿದ ಫೋಟೋ ಆದರೂ ಅಡ್ಡಿಯಿಲ್ಲ, ಕೋರ್ಟಿನಲ್ಲಿ ನಾನು ಅಂಥದ್ದನ್ನೂ ಹಾಜರುಪಡಿಸಿದ್ದೇನೆ.

ವಕೀಲರ ಫೀಸಿನ ಚಿಂತೆ ಬೇಡ. ಹೆಂಗಸರಿಗೆ, ಕೈಗಾರಿಕಾ ಕಾರ್ಮಿಕರಿಗೆ, ನೆರೆ ಸಂತ್ರಸ್ತರಿಗೆ ಉಚಿತ ಕಾನೂನು ನೆರವು ಇದೆ. 15100ಕ್ಕೆ ಫೋನ್ ಮಾಡಿ.

ಪ್ರಶ್ನೆ (ತದಡಿ): ಗಾಳಿ ಎಚ್ಚರಿಕೆ ಅಂತ ಐದು ದಿನ ಬೋಟು ದಕ್ಕೆಯಲ್ಲೇ ನಿಂತಿತ್ತು. ಮಾಲಕರು ಅಕ್ಕಿಗೂ ಕೊಡಲಿಲ್ಲ.

ವಕೀಲರು: ಅಣ್ಣಾ, ನೀವು ಪಾಲಿನ ಮೇಲೆ ಹೋಗುವವರಾದರೆ ಮೀನಿಲ್ಲದ ದಿನ ಪಾಲೂ ಇಲ್ಲ. ತಿಂಗಳಿಗಿಷ್ಟು ಅಂತ ಮಾತಾಗಿದ್ದರೆ ಬೇರೆ, ಆಗ ಬೋಟು ನಿಲ್ಲಿಸಿದ್ದು ಮಾಲಕರು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧಕ್ಕೆ ಉಳಿತಾಯ-ಪರಿಹಾರ ಯೋಜನೆ ಇದೆ. ನೀವು ತುಂಬಿದ ಹಣಕ್ಕೆ ಸರ್ಕಾರದ ಪಾಲೂ ಸೇರಿ ಬರುತ್ತದೆ. ಗಾಳಿಯಿಂದ ಬೋಟು ನಿಂತ ದಿನಕ್ಕೆ ಅದು ಅನ್ವಯಿಸುವುದಿಲ್ಲ.

ಪ್ರಶ್ನೆ (ಸದಾಶಿವಗಡ): ಡಿಸಿ ರಜೆ ಕೊಟ್ಟರೆ ನಮ್ಮ ಆಫೀಸಿಗೂ ರಜೆ ಅಲ್ವಾ?

ವಕೀಲರು: ಆದೇಶ ಓದಿ. ಸಾಮಾನ್ಯವಾಗಿ ಅದು ಶಾಲೆ, ಕಾಲೇಜು, ಅಂಗನವಾಡಿಗೆ. ಖಾಸಗಿ ಆಫೀಸು ಅದರಲ್ಲಿ ಬರುವುದಿಲ್ಲ.

ಪ್ರಶ್ನೆ (ಕಾರವಾರ): ನಾನು ಬೆಂಗಳೂರಿನಲ್ಲಿ ಓದುವವಳು. ಮಳೆಗೆ ರೈಲು ಐದು ತಾಸು ಲೇಟು ಅಂತ ತೋರಿಸಿತು. ಅಪ್ಪ ಬಸ್ಸಿಗೆ ಹತ್ತಿಸಿದರು. ಮರುದಿನ ಬೆಳಿಗ್ಗೆ ಆನ್‌ಲೈನ್‌ನಲ್ಲಿ ಟಿಡಿಆರ್ (ಟಿಕೆಟ್ ಹಣ ವಾಪಸ್ ಕೇಳುವ ಅರ್ಜಿ) ಹಾಕಿದೆ, ತಿರಸ್ಕಾರ ಆಯಿತು.

ವಕೀಲರು: ತಡ ಮಾಡಿದಿರಿ ತಂಗಿ. ನೀವು ಹತ್ತುವ ನಿಲ್ದಾಣಕ್ಕೆ ರೈಲು ಮೂರು ತಾಸಿಗಿಂತ ಜಾಸ್ತಿ ಲೇಟಾಗಿ, ನೀವು ಹೋಗದಿದ್ದರೆ ಪೂರ್ತಿ ಹಣ ವಾಪಸ್. ಆದರೆ ರೈಲು ನಿಜವಾಗಿ ಹೊರಡುವ ಮೊದಲೇ ಟಿಡಿಆರ್ ಹಾಕಬೇಕು. ಬಸ್ಸಿನಲ್ಲಿ ಕೂತ ಮೇಲೆ ಮೊದಲ ಕೆಲಸ ಅದೇ ಆಗಬೇಕಿತ್ತು. ರೈಲೇ ರದ್ದಾದರೆ ಇ-ಟಿಕೆಟ್ಟಿನ ಹಣ ತಾನಾಗಿ ಬರುತ್ತದೆ, ಟಿಡಿಆರ್ ಬೇಡ. ಕೌಂಟರ್ ಟಿಕೆಟ್ ಆದರೆ 72 ತಾಸಿನೊಳಗೆ ಕೌಂಟರಿಗೇ ಹೋಗಬೇಕು. ಅರ್ಧ ದಾರಿಯಲ್ಲಿ ನೆರೆಗೋ ಗುಡ್ಡ ಕುಸಿತಕ್ಕೋ ರೈಲು ನಿಂತು, ಮುಂದೆ ಕಳಿಸಲು ರೈಲ್ವೆಗೆ ಆಗದಿದ್ದರೆ ಪೂರ್ತಿ ಪ್ರಯಾಣದ ಹಣ ವಾಪಸ್. ಬಸ್ಸು ಕೊಟ್ಟರೂ ನೀವು ಹತ್ತದಿದ್ದರೆ ಉಳಿದ ದೂರದ್ದು ಮಾತ್ರ. 2024ರ ಜುಲೈ ನೆನಪಿದೆಯಲ್ಲ? ಗೋವಾದ ಪೆರ್ನೆಮ್ ಸುರಂಗಕ್ಕೆ ನೀರು ನುಗ್ಗಿ ಕೊಂಕಣ ರೈಲು ನಿಂತಿತು. ಅದೇ ತಿಂಗಳು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು, ಸಕಲೇಶಪುರ ಘಟ್ಟದಲ್ಲಿ ರೈಲು ಹಳಿಯ ಕೆಳಗಿನ ಮಣ್ಣೂ ಹೋಯಿತು. ನಮ್ಮ ಜಿಲ್ಲೆಯವರು ಈ ನಿಯಮಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ಕೊಂಕಣ ರೈಲಿನ ಮಳೆಗಾಲದ ವೇಳಾಪಟ್ಟಿಯೇ ಬೇರೆ ಅನ್ನುವುದನ್ನೂ ಗಮನದಲ್ಲಿಡಿ. ಆ ಪಟ್ಟಿಯ ಸಮಯಕ್ಕಿಂತ ಎಷ್ಟು ಲೇಟು ಅಂತ ನೋಡಬೇಕು, ಬೇಸಿಗೆಯ ಸಮಯಕ್ಕಲ್ಲ.

ಅವಳ ಅಪ್ಪ: ಇಂಟರ್‌ವ್ಯೂ ತಪ್ಪಿದರೆ ಪರಿಹಾರ ಕೇಳಬಹುದಾ?

ವಕೀಲರು: ಹಣ ವಾಪಸ್ ಬೇರೆ, ಪರಿಹಾರ ಬೇರೆ. 2021ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಿನಲ್ಲಿ ಪರಿಹಾರವನ್ನು ಎತ್ತಿ ಹಿಡಿಯಿತು. ಜಮ್ಮುವಿಗೆ ಹೋಗುವ ರೈಲು ನಾಲ್ಕು ತಾಸು ಲೇಟಾಗಿ ಕುಟುಂಬವೊಂದಕ್ಕೆ ವಿಮಾನ ತಪ್ಪಿತ್ತು. ಆದರೆ ಅಲ್ಲಿ ಯಾಕೆ ಲೇಟಾಯಿತು ಅಂತ ರೈಲ್ವೆ ಕಾರಣವನ್ನೇ ಕೊಟ್ಟಿರಲಿಲ್ಲ. ನಮ್ಮಲ್ಲಿ ಹಳಿಯ ಮೇಲೆ ಬಿದ್ದ ಗುಡ್ಡವೇ ಕಾರಣ ಹೇಳುತ್ತದೆ. ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ (ಹೊನ್ನಾವರ): ಜನವರಿಯಲ್ಲಿ ದೆಹಲಿಯಿಂದ ಗೋವಾಕ್ಕೆ ಬರುವ ವಿಮಾನ ಮಂಜಿಗೆ ರದ್ದಾಯಿತು. ಹಣ ಕೊಡುವುದಿಲ್ಲ, ಮುಂದಿನ ಪ್ರಯಾಣಕ್ಕೆ ಬಳಸುವ ಕ್ರೆಡಿಟ್ ಕೊಡುತ್ತೇವೆ ಅಂದರು.

ವಕೀಲರು: ಮಂಜು, ಚಂಡಮಾರುತ ಇವಕ್ಕೆ ಡಿಜಿಸಿಎ (ವಿಮಾನಯಾನದ ಸರ್ಕಾರಿ ನಿಯಂತ್ರಕರು) ನಿಯಮದಲ್ಲಿ ನಗದು ಪರಿಹಾರ ಇಲ್ಲ. ವಿಮಾನದವರದ್ದೇ ತಪ್ಪಿದ್ದರೆ 5,000ದಿಂದ 10,000 ರೂಪಾಯಿವರೆಗೆ ಇರುವ ಪರಿಹಾರ ಅದು. ಆದರೆ ರದ್ದಾದ ಮೇಲೆ ಬೇರೆ ವಿಮಾನ ಬೇಕೋ, ದುಡ್ಡು ವಾಪಸ್ ಬೇಕೋ, ಆಯ್ಕೆ ನಿಮ್ಮದು. ಕ್ರೆಡಿಟ್ ತೆಗೆದುಕೊಳ್ಳಲೇಬೇಕು ಅನ್ನುವಂತಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಬಗ್ಗದಿದ್ದರೆ ಕಾರವಾರದ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು.

ಪ್ರಶ್ನೆ (ಸಿದ್ದಾಪುರ): ನನ್ನ ಮಗ ಇಂಗ್ಲೆಂಡಿನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಹಿಮ ಬಿದ್ದು ಎರಡು ದಿನ ಹೋಗಲಾಗಲಿಲ್ಲ, ಸಂಬಳ ಕೊಡಲಿಲ್ಲವಂತೆ. ಅಲ್ಲಿ ಕಾನೂನು ಚೆನ್ನಾಗಿದೆ ಅಂತಾರಲ್ಲ?

ವಕೀಲರು: ನಾನು ಅಲ್ಲಿಯ ವಕೀಲ ಅಲ್ಲ ಅಮ್ಮಾ, ತಿಳಿದಷ್ಟು ಹೇಳುತ್ತೇನೆ. ಅಲ್ಲೂ ನಮ್ಮ ಬಟ್ಟೆ ಅಂಗಡಿ ಹುಡುಗನ ಕಥೆಯೇ. ತಾನಾಗಿ ತಲುಪಲಾಗದಿದ್ದರೆ ಕರಾರಿನಲ್ಲಿ ಬರೆದಿದ್ದರೆ ಮಾತ್ರ ಸಂಬಳ. ಮಾಲಕರು ಮುಚ್ಚಿದರೆ ಸಾಮಾನ್ಯವಾಗಿ ಕೊಡಬೇಕು. ಮಗುವಿನ ಶಾಲೆ ದಿಢೀರ್ ಮುಚ್ಚಿದರೆ ರಜೆ ಸಿಗುತ್ತದೆ, ಅದಕ್ಕೆ ಸಂಬಳ ಸಿಗಲೇಬೇಕೆಂದಿಲ್ಲ. ಏಕಾಸ್ ಅನ್ನುವ ಸಂಸ್ಥೆ ಅಲ್ಲಿ ಉಚಿತ ಸಲಹೆ ಕೊಡುತ್ತದೆ, ಮಗನಿಗೆ ಹೇಳಿ. ಅಲ್ಲಿ ನಮಗಿಂತ ಚೆನ್ನಾಗಿರುವುದು ವಿಮಾನದ ನಿಯಮ. ಹಿಮಕ್ಕೆ ವಿಮಾನ ನಿಂತರೆ ನಗದು ಪರಿಹಾರ ಇಲ್ಲದಿದ್ದರೂ ಊಟ, ರಾತ್ರಿ ಉಳಿಯಲು ಹೋಟೆಲ್ ಕೊಡಲೇಬೇಕು. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿಗೆ ಯುರೋಪಿನ ಹೆಚ್ಚಿನ ವಿಮಾನಗಳು ನಿಂತಾಗಲೂ ಈ ಹೊಣೆ ತಪ್ಪುವುದಿಲ್ಲ ಅಂತ ಐರೋಪ್ಯ ಒಕ್ಕೂಟದ ಕೋರ್ಟು 2013ರಲ್ಲಿ ಹೇಳಿತು.

ಪ್ರಶ್ನೆ (ಭಟ್ಕಳ): ಖಾಸಗಿ ಬಸ್ಸಿನವರು ಯಲ್ಲಾಪುರದಲ್ಲೇ ಇಳಿಸಿ, ಅರಬೈಲ್ ಘಟ್ಟ ಬಂದ್ ಅಂತ ಹೇಳಿ ಹೋದರು. ಆದರೆ ಆ ದಿನ ಅರಬೈಲ್ ಬಂದ್ ಇರಲಿಲ್ಲ.

ವಕೀಲರು: ಟಿಕೆಟ್ ಇದೆಯಾ? ಇದ್ದರೆ ಉಳಿದ ದೂರದ ಹಣ, ಮುಂದೆ ಬಂದ ಬಸ್ಸಿನ ಟಿಕೆಟ್ ಹಣ ಎರಡನ್ನೂ ಕೇಳಿ. ಘಟ್ಟ ತೆರೆದಿದ್ದಕ್ಕೆ ಸಾಕ್ಷಿ ಬೇಕು. ಅದೇ ದಾರಿಯಲ್ಲಿ ನೀವು ಬಂದ ಸರ್ಕಾರಿ ಬಸ್ಸಿನ ಟಿಕೆಟ್ಟೇ ಸಾಕು, ಅದರ ಮೇಲೆ ತಾರೀಖು, ಸಮಯ ಇರುತ್ತದೆ.

ಕುಮಟಾದವರು: ಸರ್, ಈಗ ಸೇಟು ಜತೆ ಮಾತಾಡಿದೆ. ವಾಯ್ಸ್ ಕೇಳಿಸಿದೆ. ಎರಡು ದಿನ ರಜೆಯಲ್ಲಿ ಹಿಡಿದು, ಮೂರನೇ ದಿನದ್ದು ಕೊಟ್ಟು, ಡಬಲ್ ಹಿಡಿದದ್ದನ್ನು ಮುಂದಿನ ತಿಂಗಳು ಸೇರಿಸುತ್ತೇನೆ ಅಂದರು.

ವಕೀಲರು: ಒಳ್ಳೆಯದಾಯಿತು. ಬಾಯಲ್ಲಿ ಹೇಳಿದರಾ, ಬರೆದು ಕೊಟ್ಟರಾ?

ಕುಮಟಾದವರು: ಬಾಯಲ್ಲಿ.

ವಕೀಲರು: ಹಾಗಾದರೆ ಈಗಲೇ ಒಂದು ಮೆಸೇಜ್ ಹಾಕಿ. "ನೀವು ಹೇಳಿದ ಹಾಗೆ ಮುಂದಿನ ತಿಂಗಳು ಇಷ್ಟು ಸೇರಿಸುತ್ತೀರಲ್ಲ" ಅಂತ. ಅವರು ಹೂಂ ಅಂದರೂ ಸಾಕು.