‘ಪರ್ದಾನಶೀನ್’ ಪದಕ್ಕೆ ಕನ್ನಡದಲ್ಲಿ ಏನು?

ಸರೋಜಿನಿ ನಾಯ್ಡು ಅವರ ‘ದಿ ಗೋಲ್ಡನ್ ಥ್ರೆಶೋಲ್ಡ್’ (1905) ಸಂಕಲನದಲ್ಲಿ ‘ದಿ ಪರ್ದಾನಶೀನ್’ ಎಂಬ, ತೆರೆಯ ಮರೆಯಲ್ಲಿ ಬಾಳುವ ಹೆಣ್ಣಿನ ಕುರಿತ ಮೂರು ಚರಣಗಳ ಪದ್ಯವಿದೆ. ಕನ್ನಡಕ್ಕೆ ತರುವಾಗ ಶೀರ್ಷಿಕೆಯಲ್ಲೇ ತೊಡಕು. ಗೋಷಾ ಹೆಣ್ಣು, ಪರದೆಯ ಹೆಣ್ಣು, ಅಸೂರ್ಯಂಪಶ್ಯೆ: ಇವುಗಳಲ್ಲಿ ಯಾವುದು ಹೊಂದೀತು? ಅವಳ ದಿನಗಳನ್ನು ಪದ್ಯ ‘ಗಾರ್ಡೆಡ್’ ಎನ್ನುತ್ತದೆ, ಅದಕ್ಕೆ ‘ಸುರಕ್ಷಿತ’ ಸಾಕೆ? ಬಲ್ಲವರು ತಿಳಿಸಿ.

ಉತ್ತರ:

ಪರ್ದಾ ಅಂದರೆ ತೆರೆ, ನಶೀನ್ ಅಂದರೆ ಕೂತವರು, ಎರಡೂ ಫಾರಸಿ. ತಖ್ತ್‌ನಶೀನ್ ಸಿಂಹಾಸನದಲ್ಲಿ ಕೂತವನಾದರೆ, ಗೋಷಾನಶೀನ್ ಮೂಲೆ ಹಿಡಿದು ಕೂತವರು. ನಮ್ಮಲ್ಲಿ ‘ನಶೀನ್’ ಉದುರಿ, ಮೂಲೆ ಎಂಬರ್ಥದ ‘ಗೋಷಾ’ ಒಂದೇ ಹೆಂಗಸರನ್ನು ಮರೆಯಲ್ಲಿಡುವ ಪದ್ಧತಿಯ ಹೆಸರಾಗಿ ಉಳಿಯಿತು. ಬಳಕೆಯ ಮಾತೇನೋ ಹೌದು. (ಬೆಂಗಳೂರಿನವರಿಗೆ ಮೊದಲು ಶಿವಾಜಿನಗರದ ಗೋಷಾ ಆಸ್ಪತ್ರೆ ನೆನಪಾದೀತು, ಇರಲಿ.) ಆದರೆ ಮೂರನೆಯ ಚರಣಕ್ಕೆ ಬಂದಾಗ ಅದು ಕೈಕೊಡುತ್ತದೆ. ಅಲ್ಲಿಯವರೆಗೆ ಅವಳು ಮುಂಡಾಸಿನ ತುರಾಯಿಯ ರತ್ನದಂತೆ ಭದ್ರ. ಅಪ್ಪಣೆಯಿಲ್ಲದೆ ಯಾರ ಕೈಯೂ ಮುಟ್ಟದ ಆ ತೆರೆಯನ್ನು ಕಾಲ ಸದ್ದಿಲ್ಲದೆ ಎತ್ತುತ್ತದೆ, ದುಃಖ ಅವಳ ಮುಖ ನೋಡುತ್ತದೆ. ಶೀರ್ಷಿಕೆಯಲ್ಲಿ ಪರ್ದಾ ಇದ್ದರಲ್ಲವೆ ಇಲ್ಲಿ ಎತ್ತುವುದು? ಮೂಲೆಯನ್ನು ಎತ್ತಲಾಗದು.

‘ಪರದೆಯ ಹೆಣ್ಣು’ ಎಂದರೆ ಈಗ ಸಿನಿಮಾ ನಟಿ.

‘ಅಸೂರ್ಯಂಪಶ್ಯೆ’ ಸೊಗಸಾದ ಪದ, ಪಾಣಿನಿಯ ಸೂತ್ರದಿಂದ ಸಿದ್ಧವಾದದ್ದು. ಆದರೆ ಅದರಲ್ಲಿ ಸೂರ್ಯನನ್ನು ನೋಡದವಳು ಅವಳು. ಪದ್ಯದಲ್ಲಿ ಅವಳಿಗಾಗಿ ಆಸೆಪಡುವವನು ಸೂರ್ಯ. ಯಾರು ಯಾರನ್ನು ನೋಡುತ್ತಾರೆ ಎಂಬುದೇ ತಿರುಗುಮುರುಗಾಗುತ್ತದೆ. ಈ ಪದ್ಯವನ್ನು ಸ್ತ್ರೀವಾದಿಯಾಗಿ ಓದುವವರಿಗೆ ಆಧಾರ ಇರುವುದೇ ಅವಳ ಮೇಲೆ ಬೀಳುವ ಆ ನೋಟದಲ್ಲಿ.

ಇನ್ನೊಂದು ಕಾರಣಕ್ಕೂ ಮೂಲಪದ ಉಳಿಸಬೇಕು. ಅದು ಬ್ರಿಟಿಷ್ ಕೋರ್ಟಿನ ಪದವೂ ಹೌದು. ಪರ್ದಾನಶೀನ್ ಹೆಂಗಸು ಪತ್ರಕ್ಕೆ ಸಹಿ ಹಾಕಿದರೆ, ಅದು ಅವಳಿಗೆ ಅರ್ಥವಾಗಿತ್ತೆಂದು ತೋರಿಸುವ ಹೊಣೆ ಆ ಪತ್ರ ಮುಂದಿಟ್ಟವರದು. ರೂಢಿಯಂತೆ ಹೊರಗೆ ಬಾರದ ಹೆಂಗಸರಿಗೆ ಕೋರ್ಟಿನಲ್ಲಿ ಖುದ್ದು ಹಾಜರಾತಿಯಿಂದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 132ನೇ ಕಲಂ ವಿನಾಯಿತಿ ಕೊಟ್ಟಿತು. ಮರ್ಯಾದೆಯೂ ‘ಇವಳಿಗೆ ತಿಳಿಯದು’ ಎಂಬ ಮುದ್ರೆಯೂ ಒಂದೇ ಪದದಲ್ಲಿ.

ಹಾಗಾಗಿ ‘ಪರ್ದಾನಶೀನೆ’ ಎಂದಿಟ್ಟು, ಒಳಗೆ ‘ತೆರೆ’ ಬದಲು ‘ಪರ್ದಾ’ ಎಂದೇ ಬಳಸಿ. ಪದ್ಯದಲ್ಲಿ ಬರುವ ‘ಲ್ಯಾಟಿಸ್’ಗೆ (ಜಾಲರಿ ಕಿಟಕಿ) ಜಾಲಂಧ್ರ ಸರಿಹೋಗುತ್ತದೆ. ‘ಸುರಕ್ಷಿತ’ ಬೇಡ, ‘ಕಾವಲು’ ಹಾಕಿ: ಕಾವಲು ಖಜಾನೆಗೂ ಉಂಟು, ಜೈಲಿಗೂ ಉಂಟು.