ಶ್ರೀಲಂಕಾದಲ್ಲಿ ಒಂದೇ ರಜೆಯಲ್ಲಿ ನಾಲ್ಕು ಗಾಲ್ಫ್ ಕೋರ್ಸ್‌ಗಳು: ಯಾವ ಕ್ರಮದಲ್ಲಿ ಆಡುವುದು ಒಳ್ಳೆಯದು?

ಹೆಬ್ಬಾಳದ ಗಾಲ್ಫಿಗ:

ಎಲ್ಲರಿಗೂ ನಮಸ್ಕಾರ. ಬರುವ ಏಪ್ರಿಲ್‌ನ ಶಾಲಾ ರಜೆಯಲ್ಲಿ ಕುಟುಂಬದೊಂದಿಗೆ ಒಂದು ವಾರ, ಸಾಧ್ಯವಾದರೆ ಅದಕ್ಕಿಂತ ಒಂದೆರಡು ದಿನ ಹೆಚ್ಚು, ಶ್ರೀಲಂಕಾಕ್ಕೆ ಹೋಗಿಬರಬೇಕೆಂದಿದ್ದೇವೆ. ನನ್ನ ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕ, ಕಡಿಮೆಯಿದ್ದಷ್ಟೂ ಆಟ ಉತ್ತಮ) 18ರ ಆಸುಪಾಸಿನಲ್ಲಿದೆ. ಆಟವೆಲ್ಲ ಬೆಂಗಳೂರಿನ ಕೋರ್ಸ್‌ಗಳಲ್ಲೇ ಆಗಿದೆ, ಆಗೊಮ್ಮೆ ಈಗೊಮ್ಮೆ ಚಿಕ್ಕಮಗಳೂರಿನಲ್ಲಿ. ಶ್ರೀಮತಿಯವರು ಆಡುವುದಿಲ್ಲ, ಮಗಳು ಈಗಷ್ಟೇ ಕಲಿಯಲಾರಂಭಿಸಿದ್ದಾಳೆ.

ಕೊಲಂಬೊದ ರಾಯಲ್ ಕೊಲಂಬೊ, ಕ್ಯಾಂಡಿಯ ಬಳಿಯ ವಿಕ್ಟೋರಿಯಾ, ನುವಾರ ಎಲಿಯದ ಹಳೆಯ ಕ್ಲಬ್, ಹಂಬನ್‌ತೋಟದ ಶಾಂಗ್ರಿ-ಲಾ, ಈ ನಾಲ್ಕರಲ್ಲೂ ಒಂದೊಂದು ಸುತ್ತು ಆಡಬೇಕೆಂಬ ಆಸೆಯಿದೆ. ತ್ರಿಕೋನಮಲೆಯಲ್ಲಿ ವಾಯುಪಡೆ ನಡೆಸುವ ಕೋರ್ಸ್ ಒಂದಿದೆ ಎಂದು ಕೇಳಿದ್ದೇನೆ, ಅದನ್ನೂ ಸೇರಿಸಿಕೊಳ್ಳಬಹುದೇ? ಕ್ಲಬ್‌ಗಳನ್ನು, ಅಂದರೆ ಆಡುವ ಕೋಲುಗಳನ್ನು, ಇಲ್ಲಿಂದಲೇ ಒಯ್ಯಬೇಕೇ ಅಥವಾ ಅಲ್ಲಿ ಬಾಡಿಗೆಗೆ ಪಡೆದರೆ ಸಾಕೇ? ಮುಖ್ಯವಾಗಿ, ಮನೆಯವರಿಗೆ ಇಡೀ ರಜೆ ಕಾರಿನಲ್ಲೇ ಕಳೆದುಹೋಯಿತು ಎನ್ನಿಸದಂತೆ ಇವನ್ನೆಲ್ಲ ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಕೊಲಂಬೊ ಕನ್ನಡಿಗ:

ತ್ರಿಕೋನಮಲೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಚೈನಾ ಬೇಯಲ್ಲಿರುವ ಆ ಕೋರ್ಸ್ ಹದಿನೆಂಟು ಹೋಲ್‌ಗಳದ್ದು, ಕೊಲ್ಲಿಯ ದಂಡೆಯಲ್ಲಿರುವುದರಿಂದ ನೋಡಲು ಬಹಳ ಚೆಲುವಾದದ್ದು. ಆದರೆ ಕ್ಯಾಂಡಿಯಿಂದ ಅಲ್ಲಿಗೆ ಐದು ಗಂಟೆಯ ಹತ್ತಿರದ ದಾರಿಯಿದ್ದು, ತಮ್ಮ ಉಳಿದ ಕೋರ್ಸ್‌ಗಳೆಲ್ಲ ಇರುವ ದಿಕ್ಕಿಗೆ ಅದು ಪೂರ್ಣ ವಿರುದ್ಧವಾಗುತ್ತದೆ. ಜೊತೆಗೆ ಅದು ಸೇನಾ ವಲಯವಾದ್ದರಿಂದ ಮುಂಚಿತವಾಗಿ ಅನುಮತಿ ಕೇಳಬೇಕು. ಪೂರ್ವ ಕರಾವಳಿಗೆ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಕಾಲ ಪ್ರಶಸ್ತ. ಆಗ ನೈಋತ್ಯ ಮಾರುತವು ಕೊಲಂಬೊ ಮತ್ತು ಬೆಟ್ಟದ ಸೀಮೆಯನ್ನು ತೋಯಿಸುತ್ತಿರುತ್ತದೆ, ಪೂರ್ವದಲ್ಲಿ ಬಿಸಿಲಿರುತ್ತದೆ. ಹೀಗಾಗಿ ಅದನ್ನು ಬೇರೊಂದು ಪ್ರವಾಸಕ್ಕೆ ಇಟ್ಟುಕೊಳ್ಳುವುದು ವಾಸಿ.

ಉಳಿದ ನಾಲ್ಕರ ವಿಷಯದಲ್ಲಿ ನನ್ನ ಸಲಹೆ ಸರಳವಾಗಿದೆ: ಕೊಲಂಬೊದಿಂದ ಆರಂಭಿಸಿ, ಕ್ಯಾಂಡಿಗೆ ಏರಿ, ನುವಾರ ಎಲಿಯದ ಎತ್ತರ ತಲುಪಿ, ಅಲ್ಲಿಂದ ‘ಎಲ್ಲ’ (Ella) ಮತ್ತು ವೆಲ್ಲವಾಯ ಊರುಗಳ ಮಾರ್ಗವಾಗಿ ಹಂಬನ್‌ತೋಟಕ್ಕೆ ಇಳಿದು, ಕೊನೆಗೆ ದಕ್ಷಿಣದ ಎಕ್ಸ್‌ಪ್ರೆಸ್‌ವೇ ಹಿಡಿದು ವಿಮಾನ ನಿಲ್ದಾಣಕ್ಕೆ ಮರಳಿರಿ. ಹಾಗೆ ಮಾಡಿದರೆ ಬಂದ ದಾರಿಯಲ್ಲೇ ಹಿಂದಿರುಗುವ ಪ್ರಸಂಗ ಬರುವುದಿಲ್ಲ. ಕ್ಯಾಂಡಿಯಿಂದ ನುವಾರ ಎಲಿಯಕ್ಕೆ ಎಂಬತ್ತು ಕಿಲೋಮೀಟರ್ ಕೂಡ ಇಲ್ಲವಾದರೂ ರಂಬೊಡದ ತಿರುವುಗಳಲ್ಲಿ ಎರಡೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ. ಭೂಪಟದಲ್ಲಿ ದ್ವೀಪ ಚಿಕ್ಕದಾಗಿ ಕಾಣುವುದರಿಂದ ಎಲ್ಲರೂ ಒಂದು ದಿನದಲ್ಲಿ ಎರಡು ಊರು ಮುಗಿಸುವ ಲೆಕ್ಕ ಹಾಕುತ್ತಾರೆ. ಬೆಟ್ಟದ ರಸ್ತೆಗಳು ಆ ಲೆಕ್ಕಕ್ಕೆ ಒಪ್ಪುವುದಿಲ್ಲ.

ಇನ್ನು ಕೋರ್ಸ್‌ಗಳ ವಿಚಾರ. ರಾಯಲ್ ಕೊಲಂಬೊ 1879ರಲ್ಲಿ ಸ್ಥಾಪನೆಯಾದ ಕ್ಲಬ್. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದಾದ್ದರಿಂದ ಮೂರು ವರ್ಷದ ಹಿರಿತನ ನಮಗೇ ಸಲ್ಲುತ್ತದೆ ಎಂಬುದನ್ನು ಇಲ್ಲಿನ ಗೆಳೆಯರಿಗೆ ನಾನು ಆಗಾಗ ನೆನಪಿಸುತ್ತಿರುತ್ತೇನೆ. ಮೊದಲು ಗಾಲ್ ಫೇಸ್ ಬಯಲಿನಲ್ಲಿ ಆಡುತ್ತಿದ್ದವರು 1896ರಲ್ಲಿ ಈಗಿನ ಸ್ಥಳಕ್ಕೆ ಬಂದರು, ಆಗಿನ ಗವರ್ನರ್ ರಿಡ್ಜ್‌ವೇ ಅವರ ಹೆಸರನ್ನೇ ಆ ಮೈದಾನಕ್ಕೆ ಇಟ್ಟರು. 1928ರಲ್ಲಿ ‘ರಾಯಲ್’ ಎಂಬ ಬಿರುದು ಸೇರಿತು. ಸಮತಟ್ಟಾದ ನೆಲ, ಅಲ್ಲಲ್ಲಿ ನೀರು, ದೊಡ್ಡ ಮರಗಳು, ಮತ್ತು ಮೈದಾನದ ನಡುವೆಯೇ ಹಾದುಹೋಗುವ ಕೆಲಣಿ ಕಣಿವೆಯ ರೈಲು ಹಳಿ. ರೈಲು ಬಂದಾಗ ಆಟಗಾರರು ನಿಂತು ದಾರಿ ಬಿಡುತ್ತಾರೆ.

ವಿಕ್ಟೋರಿಯಾ 1999ರಲ್ಲಿ ತೆರೆದದ್ದು. ವಿನ್ಯಾಸ ಡೊನಾಲ್ಡ್ ಸ್ಟೀಲ್ ಅವರದು. ಮಹಾವೇಲಿ ನದಿಗೆ ಕಟ್ಟಿದ ವಿಕ್ಟೋರಿಯಾ ಅಣೆಕಟ್ಟೆಯ ಜಲಾಶಯ ಅದನ್ನು ಸುತ್ತುವರಿದಿದೆ, ಎದುರಿಗೆ ನಕಲ್ಸ್ ಪರ್ವತಶ್ರೇಣಿ ನಿಂತಿದೆ. ನಾಲ್ಕರಲ್ಲಿ ಇದೇ ಅತ್ಯುತ್ತಮವೆಂಬುದು ನನ್ನ ಖಚಿತ ಅಭಿಪ್ರಾಯ. ನೆಲದ ಏರಿಳಿತವನ್ನು ಕಡಿದು ಸಮ ಮಾಡದೆ ಹಾಗೆಯೇ ಬಳಸಿಕೊಂಡಿರುವುದರಿಂದ ಚೆಂಡು ಕಾಲಿಗಿಂತ ಮೇಲೆ ಅಥವಾ ಕೆಳಗೆ ನಿಲ್ಲುವ ಸಂದರ್ಭಗಳೇ ಹೆಚ್ಚು. ಬೆಂಗಳೂರಿನ ಸಮತಟ್ಟಿಗೆ ಒಗ್ಗಿದವರ ಸ್ವಿಂಗ್‌ಗೆ ಇದು ನಿಜವಾದ ಪರೀಕ್ಷೆ. ಸಮಯವಿದ್ದರೆ ಇಲ್ಲಿ ಎರಡು ಸುತ್ತು ಆಡಿರಿ.

ನುವಾರ ಎಲಿಯದ ಕ್ಲಬ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ್ದು. ಊರಿನ ನಟ್ಟನಡುವೆ, ದ್ವೀಪದ ಅತಿ ಎತ್ತರದ ಪಿದುರುತಲಾಗಲ ಶಿಖರದ ಅಡಿಯಲ್ಲಿದೆ. ಉದ್ದ ಕಡಿಮೆ, ಅಗಲ ಇನ್ನೂ ಕಡಿಮೆ. ಎತ್ತರದ ಮರಗಳ ಸಾಲುಗಳ ನಡುವೆ ನೇರವಾಗಿ ಹೊಡೆಯಬಲ್ಲವರಿಗೆ ಸುಲಭ, ಬಲವಾಗಿ ಮಾತ್ರ ಹೊಡೆಯಬಲ್ಲವರಿಗೆ ಕಷ್ಟ. ಅತಿ ದೂರ ಹೊಡೆಯುವ ಕೋಲಾದ ಡ್ರೈವರ್ ಅನ್ನು ಚೀಲದಲ್ಲೇ ಬಿಡುವ ಹೋಲ್‌ಗಳು ಹಲವಿವೆ.

ಹಂಬನ್‌ತೋಟದ ಕೋರ್ಸ್ 2016ರಲ್ಲಿ ತೆರೆದದ್ದು, ರಾಡ್ನಿ ರೈಟ್ ವಿನ್ಯಾಸಗೊಳಿಸಿದ್ದು, ಪಾರ್ (ನುರಿತ ಆಟಗಾರನಿಂದ ನಿರೀಕ್ಷಿಸುವ ಹೊಡೆತಗಳ ಸಂಖ್ಯೆ) 70. ತೆಂಗಿನ ತೋಪು, ಹಿಂದೆ ನೀಲಮಣಿ ಅಗೆಯುತ್ತಿದ್ದ ಜಾಗ, ಕಡಲ ದಂಡೆಯ ಮರಳು ದಿಬ್ಬ ಎಂದು ಮೂರು ಬಗೆಯ ನೆಲದಲ್ಲಿ ಅದು ಸಾಗುತ್ತದೆ. ಇತರ ಮೂರರಲ್ಲಿ ಲೆಕ್ಕಕ್ಕೆ ಬಾರದ ಗಾಳಿ ಇಲ್ಲಿ ಮುಖ್ಯ ಪಾತ್ರ ವಹಿಸುತ್ತದೆ. ರೆಸಾರ್ಟ್‌ನೊಳಗೇ ಇರುವುದರಿಂದ ಆಡದವರಿಗೂ ಅಲ್ಲಿ ಹೊತ್ತು ಹೋಗುತ್ತದೆ. ಮಗಳೊಂದಿಗೆ ಒಂಬತ್ತು ಹೋಲ್ ಆಡಲು ನಾಲ್ಕರಲ್ಲಿ ಇದೇ ಅನುಕೂಲ.

ಬಂಕರ್‌ವಾಸಿ:

ಮೇಲಿನ ಉತ್ತರದಲ್ಲಿ ಹೇಳಿದ ಕ್ರಮ ಚೆನ್ನಾಗಿದೆ. ಆದರೆ ಆ ಕ್ರಮದಿಂದ ತಮ್ಮ ಆಟದ ಮೇಲಾಗುವ ಪರಿಣಾಮವನ್ನು ಯಾರೂ ಹೇಳಲಿಲ್ಲವಾದ್ದರಿಂದ ನಾನು ಸೇರಿಸುತ್ತೇನೆ.

ಸಮುದ್ರಮಟ್ಟದಿಂದ ಮೇಲೇರಿದಂತೆ ಗಾಳಿಯ ಸಾಂದ್ರತೆ ಇಳಿಯುತ್ತದೆ, ಚೆಂಡಿಗೆ ತಡೆ ಕಡಿಮೆಯಾಗಿ ಅದು ಹೆಚ್ಚು ದೂರ ಹೋಗುತ್ತದೆ. ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡಾ ಒಂದಕ್ಕಿಂತ ತುಸು ಹೆಚ್ಚು ಎಂದು ಹಿಡಿಯಬಹುದು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಂದರೆ ಮೂರು ಸಾವಿರ ಅಡಿ. ಹಾಗಾಗಿ ನಾವು ‘ನನ್ನ ಏಳನೇ ಐರನ್ 150 ಗಜ’ ಎಂದು ಆ ಮಧ್ಯಮ ದೂರದ ಕೋಲಿನ ಹೊಡೆತದ ಬಗ್ಗೆ ಹೇಳಿಕೊಳ್ಳುವಾಗ ಅದರಲ್ಲಿ ಐದು ಗಜ ಊರಿನ ಎತ್ತರದ ಕೊಡುಗೆ. ಕೊಲಂಬೊದಲ್ಲಿ ಅದೇ ಹೊಡೆತ 145 ಗಜಕ್ಕೆ ನಿಲ್ಲುತ್ತದೆ. ನುವಾರ ಎಲಿಯ 1,868 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ 155ರ ಹತ್ತಿರ ಹೋಗಬೇಕು. ಬೆಳಗಿನ ಚಳಿಯಲ್ಲಿ ಗಾಳಿ ಮತ್ತೆ ದಟ್ಟವಾಗುವುದರಿಂದ ಅದರಲ್ಲಿ ಒಂದೆರಡು ಗಜ ಕಳೆಯಬೇಕು. ವಿಕ್ಟೋರಿಯಾ ಜಲಾಶಯದ ಪೂರ್ಣ ಮಟ್ಟ 438 ಮೀಟರ್. ಅದರ ದಡದ ಕೋರ್ಸ್ ಇವೆರಡರ ನಡುವೆ ಬರುತ್ತದೆ. ಅಂದರೆ ಒಂದೇ ವಾರದಲ್ಲಿ ಒಂದೇ ಕ್ಲಬ್ಬಿನ ಅಳತೆ ಸುಮಾರು ಹತ್ತು ಗಜ ಬದಲಾಗುತ್ತದೆ, ಇದು ಸರಿಯಾಗಿ ಒಂದು ಕ್ಲಬ್ಬಿನ ಅಂತರ. ‘ಕೊಲಂಬೊದ ತೇವದ ಗಾಳಿ ಭಾರ, ಅದಕ್ಕೇ ಚೆಂಡು ಹೋಗುವುದಿಲ್ಲ’ ಎಂದು ಕ್ಲಬ್‌ಹೌಸ್‌ಗಳಲ್ಲಿ ಹೇಳುವವರಿದ್ದಾರೆ. ವಾಸ್ತವದಲ್ಲಿ ತೇವದ ಗಾಳಿ ಒಣ ಗಾಳಿಗಿಂತ ಕೂದಲೆಳೆಯಷ್ಟು ಹಗುರ. ಕಾರಣ ಎತ್ತರವೇ ಹೊರತು ತೇವವಲ್ಲ. ತೇವದಿಂದ ನಿಜವಾಗಿ ಕೆಡುವುದು ಹಿಡಿತ. ಎರಡು ಮೂರು ಗ್ಲೌಸ್ ಇಟ್ಟುಕೊಂಡು ಕೆಲವು ಹೋಲ್‌ಗಳಿಗೊಮ್ಮೆ ಬದಲಿಸಿರಿ.

ಹ್ಯಾಂಡಿಕ್ಯಾಪ್ ಕುರಿತು ಒಂದು ಮಾತು. ಈಗಿನ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಒಂದು ಕೋರ್ಸಿನಲ್ಲಿ ತಮ್ಮ ಹ್ಯಾಂಡಿಕ್ಯಾಪ್ ಎಷ್ಟೆಂದು ತಿಳಿಯಲು ತಮ್ಮ ಇಂಡೆಕ್ಸ್ (ಅಧಿಕೃತ ಹ್ಯಾಂಡಿಕ್ಯಾಪ್ ಅಂಕ) ಅನ್ನು ಆಡುವ ಟೀಗಳ (ಹೋಲ್ ಆರಂಭಿಸುವ ಜಾಗಗಳ) ಸ್ಲೋಪ್ ರೇಟಿಂಗ್‌ನಿಂದ (ಸಾಮಾನ್ಯ ಆಟಗಾರನಿಗೆ ಕೋರ್ಸ್ ಎಷ್ಟು ಹೆಚ್ಚು ಕಷ್ಟ ಎಂಬ ಅಂಕದಿಂದ) ಗುಣಿಸಿ 113ರಿಂದ ಭಾಗಿಸಿ, ಕೋರ್ಸ್ ರೇಟಿಂಗ್ (ನುರಿತ ಆಟಗಾರನ ನಿರೀಕ್ಷಿತ ಸ್ಕೋರ್) ಮತ್ತು ಪಾರ್‌ಗಳ ವ್ಯತ್ಯಾಸವನ್ನು ಸೇರಿಸಬೇಕು. ಉದಾಹರಣೆಗೆ ಸ್ಲೋಪ್ 128 ಇರುವ ಟೀಗಳಿಂದ, ರೇಟಿಂಗ್ ಮತ್ತು ಪಾರ್ ಸಮವಿದ್ದರೆ, 18ರ ಇಂಡೆಕ್ಸ್‌ನವರಿಗೆ ಅಲ್ಲಿನ ಹ್ಯಾಂಡಿಕ್ಯಾಪ್ 20 ಆಗುತ್ತದೆ. ಹೀಗಿರುವಾಗ ನಾಲ್ಕು ಕಡೆಯ ಸ್ಕೋರನ್ನು ಒಂದಕ್ಕೊಂದು ಹೋಲಿಸಿ ಬೇಸರಪಡಬೇಕಾಗಿಲ್ಲ.

ಕ್ಲಬ್‌ಗಳನ್ನು ಒಯ್ಯಿರಿ. ವಿಮಾನ ಒಂದೂವರೆ ಗಂಟೆಯದ್ದು, ಇಳಿದ ಮೇಲೆ ವ್ಯಾನ್ ಇರುತ್ತದೆ. ಎತ್ತರದಿಂದಾಗುವ ಹತ್ತು ಗಜದ ವ್ಯತ್ಯಾಸವನ್ನು ಗುರುತಿಸಬೇಕಾದರೆ ಕೈಯಲ್ಲಿರುವುದು ಪರಿಚಿತ ಕ್ಲಬ್ ಆಗಿರಬೇಕು. ದೂರಮಾಪಕದ ಬಿಡಿ ಲಿಥಿಯಂ ಬ್ಯಾಟರಿಗಳಿದ್ದರೆ ಅವು ಕೈಚೀಲದಲ್ಲೇ ಇರಲಿ. ಚೆಕ್-ಇನ್ ಸಾಮಾನಿನಲ್ಲಿ ಬಿಡಿ ಬ್ಯಾಟರಿಗೆ ಅವಕಾಶವಿಲ್ಲ.

ಕಾಫಿಸೀಮೆಯವಳು:

ಇಬ್ಬರು ಮಹನೀಯರೂ ಆಟವನ್ನಷ್ಟೇ ನೋಡಿದ್ದಾರೆ, ಪ್ರಶ್ನೆಯಲ್ಲಿದ್ದ ಏಪ್ರಿಲ್ ಎಂಬ ಪದವನ್ನು ನೋಡಿದಂತಿಲ್ಲ.

ಏಪ್ರಿಲ್ ಮಧ್ಯಭಾಗದಲ್ಲಿ ಸಿಂಹಳ ಮತ್ತು ತಮಿಳು ಹೊಸ ವರ್ಷ ಬರುತ್ತದೆ. ಆ ಆಸುಪಾಸಿನ ದಿನಗಳಲ್ಲಿ ಕೊಲಂಬೊದ ಅಂಗಡಿಗಳು ಮುಚ್ಚಿರುತ್ತವೆ. ಅಲ್ಲಿನ ಉಳ್ಳವರೆಲ್ಲ ತಂಪು ಅರಸಿ ನುವಾರ ಎಲಿಯಕ್ಕೆ ಹೋಗಿರುತ್ತಾರೆ. ಏಪ್ರಿಲ್ ಆ ಊರಿನ ಜಾತ್ರೆಯ ಕಾಲ: ಕುದುರೆ ಓಟ, ಹೂವಿನ ಪ್ರದರ್ಶನ, ಕಾರುಗಳ ಸಾಲು. ಕೋಣೆಯ ಬಾಡಿಗೆ ಹೆಚ್ಚುತ್ತದೆ, ಆಡುವ ಸಮಯ ಸದಸ್ಯರಿಗೇ ಸಾಲದು. ಇದಲ್ಲದೆ ಏಪ್ರಿಲ್ ಎರಡು ಮಾರುತಗಳ ನಡುವಿನ ತಿಂಗಳು. ಬೆಳಗೆಲ್ಲ ಬಿಸಿಲಿದ್ದು ಮಧ್ಯಾಹ್ನದ ಮೇಲೆ ಬೆಟ್ಟದ ಸೀಮೆಯಲ್ಲೂ ಪಶ್ಚಿಮದಲ್ಲೂ ಗುಡುಗು ಮಳೆ ಸಾಮಾನ್ಯ. ಗುಡುಗು ಕೇಳಿದ ಮೇಲೆ ಲೋಹದ ಕೋಲು ಹಿಡಿದು ಬಯಲಿನಲ್ಲಿ ನಿಲ್ಲುವುದು ಸಾಹಸವಲ್ಲ, ಅವಿವೇಕ. ಪರೀಕ್ಷೆ ಮುಗಿದ ಕೂಡಲೇ, ಮಾರ್ಚ್ ಕೊನೆಯ ವಾರದಲ್ಲಿ, ಹೊರಡಲು ಸಾಧ್ಯವೇ ನೋಡಿರಿ. ಆಗದಿದ್ದರೆ ಹೊಸ ವರ್ಷದ ಗಲಾಟೆ ಮುಗಿದ ನಂತರ ಹೋಗಿರಿ. ಎರಡರಲ್ಲಿ ಯಾವುದಾದರೂ ಬೆಳಿಗ್ಗೆ ಆರೂವರೆಯೊಳಗೆ ಮೊದಲ ಟೀಯಲ್ಲಿರಬೇಕು. ಹಾಗೆ ಮಾಡಿದರೆ ಹನ್ನೊಂದರ ಹೊತ್ತಿಗೆ ಸುತ್ತು ಮುಗಿದು ದಿನದ ಉಳಿದ ಭಾಗ ಮನೆಯವರಿಗೆ ಸಿಗುತ್ತದೆ. ಆಡದ ಪತ್ನಿಯ ಪರವಾಗಿ ಇದಕ್ಕಿಂತ ಒಳ್ಳೆಯ ವಾದ ನನ್ನಲ್ಲಿಲ್ಲ.

ಎರಡನೆಯದಾಗಿ, ನಾಲ್ಕು ಕೋರ್ಸ್‌ಗಳೆಂದರೆ ನಾಲ್ಕು ಬಾರಿ ಪೆಟ್ಟಿಗೆ ಕಟ್ಟಬೇಕು. ನನ್ನನ್ನು ಕೇಳಿದರೆ ನುವಾರ ಎಲಿಯವನ್ನು ಬಿಟ್ಟುಬಿಡಿ ಎನ್ನುತ್ತೇನೆ. ಮಡಿಕೇರಿಯಲ್ಲೋ ಊಟಿಯಲ್ಲೋ ಆಡಿದವರಿಗೆ ಆ ಚಳಿ, ಆ ಮಂಜು, ಆ ಬ್ರಿಟಿಷ್ ಕಾಲದ ಮರದ ಹೊದಿಕೆಯ ಕೋಣೆ ಹೊಸದಲ್ಲ. ಕೊಲಂಬೊದಲ್ಲಿ ಒಂದು, ವಿಕ್ಟೋರಿಯಾದಲ್ಲಿ ಎರಡು, ಹಂಬನ್‌ತೋಟದಲ್ಲಿ ಒಂದು ಸುತ್ತು ಎಂದಿಟ್ಟುಕೊಂಡರೆ ಕ್ಯಾಂಡಿಯಲ್ಲಿ ಮೂರು ರಾತ್ರಿ ನೆಮ್ಮದಿಯಾಗಿ ತಂಗಬಹುದು. ಸೂತ್ರ ಬರೆದವರು ಹೇಳಿದ ಹತ್ತು ಗಜದ ವ್ಯತ್ಯಾಸವೂ ಕಾಲು ಭಾಗದ ಆಸುಪಾಸಿಗೆ ಇಳಿಯುತ್ತದೆ.

ಹುಣ್ಣಿಮೆಯ ದಿನವನ್ನೂ ಪಂಚಾಂಗದಲ್ಲಿ ನೋಡಿಕೊಳ್ಳಿರಿ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆ ‘ಪೋಯ’ ರಜೆ, ಅಂದು ಮದ್ಯ ಮಾರಾಟವಿಲ್ಲ. ಹತ್ತೊಂಬತ್ತನೇ ಹೋಲ್‌ಗಾಗಿಯೇ, ಅಂದರೆ ಕ್ಲಬ್ಬಿನ ಬಾರ್‌ಗಾಗಿಯೇ, ಹದಿನೆಂಟು ಆಡುವವರು ಆ ದಿನವನ್ನು ಪ್ರಯಾಣಕ್ಕೆ ಇಟ್ಟುಕೊಳ್ಳುವುದು ಲೇಸು.

ಹೆಬ್ಬಾಳದ ಗಾಲ್ಫಿಗ:

ಮೂವರಿಗೂ ಅನಂತ ಧನ್ಯವಾದಗಳು. ತ್ರಿಕೋನಮಲೆಯನ್ನು ಕೈಬಿಟ್ಟಿದ್ದೇನೆ. ಮಾರ್ಚ್ ಕೊನೆಯ ವಾರ ಸಾಧ್ಯವಾಗುವಂತಿದೆ. ನುವಾರ ಎಲಿಯದ ವಿಷಯವನ್ನು ಮಾತ್ರ ಮನೆಯಲ್ಲಿ ಇನ್ನೂ ಚರ್ಚಿಸಬೇಕು, ಏಕೆಂದರೆ ಆ ಊರನ್ನು ನೋಡಬೇಕೆಂಬ ಆಸೆ ಆಡದವರಿಗೇ ಹೆಚ್ಚಾಗಿದೆ. ಇನ್ನೆರಡು ಸಣ್ಣ ಸಂದೇಹಗಳಿವೆ. ಸದಸ್ಯರಲ್ಲದವರಿಗೆ ಹಳೆಯ ಕ್ಲಬ್‌ಗಳಲ್ಲಿ ಪ್ರವೇಶ ಹೇಗೆ? ಹಾಗೂ ಕೊಲಂಬೊದಲ್ಲಿ ಹೊಡೆದ ಚೆಂಡು ರೈಲಿಗೆ ತಗುಲಿದರೆ ಏನು ಮಾಡಬೇಕು? ಎರಡನೆಯದು ಮಗಳ ಪ್ರಶ್ನೆ, ಆದರೆ ಉತ್ತರ ನನಗೂ ಬೇಕು.

ಕೊಲಂಬೊ ಕನ್ನಡಿಗ:

ನುವಾರ ಎಲಿಯವನ್ನು ಬಿಡಬೇಕೆಂಬ ಸಲಹೆಗೆ ನನ್ನ ಒಪ್ಪಿಗೆಯಿಲ್ಲ. ಊಟಿಯ ಮೈದಾನ ಊರಾಚೆಯ ಗುಡ್ಡಗಳ ನಡುವೆ ತೆರೆದುಕೊಂಡಿರುವಂಥದ್ದು. ಇಲ್ಲಿನದು ಪೇಟೆಯ ರಸ್ತೆಗಳ ನಡುವೆ ಇಕ್ಕಟ್ಟಾಗಿ ಕುಳಿತಿದೆ, ಆಡುವ ಬಗೆಯೇ ಬೇರೆ. ಮನೆಯವರು ಹೇಗೂ ಆ ಊರಿಗೆ ಹೋಗಲು ಬಯಸುತ್ತಿರುವಾಗ ಕ್ಲಬ್‌ಗಳನ್ನು ವ್ಯಾನಿನಲ್ಲೇ ಇಟ್ಟು ಬರುವುದರಲ್ಲಿ ಅರ್ಥವಿಲ್ಲ.

ಪ್ರವೇಶದ ವಿಚಾರದಲ್ಲಿ, ಅತಿಥಿಗಳಿಗೆ ಹಳೆಯ ಕ್ಲಬ್‌ಗಳೂ ಅವಕಾಶ ಕೊಡುತ್ತವೆ. ಮೊದಲೇ ಇ-ಮೇಲ್ ಬರೆದು ವಾರದ ದಿನವನ್ನು ಕೇಳಿರಿ, ಶನಿವಾರ ಭಾನುವಾರಗಳಲ್ಲಿ ಸದಸ್ಯರ ಸ್ಪರ್ಧೆಗಳಿರುತ್ತವೆ. ತಮ್ಮ ಹ್ಯಾಂಡಿಕ್ಯಾಪ್ ಪ್ರಮಾಣಪತ್ರವನ್ನೂ ಕಾಲರ್ ಇರುವ ಅಂಗಿಗಳನ್ನೂ ಜೊತೆಗಿಟ್ಟುಕೊಳ್ಳಿರಿ. ಚೀಲ ಹೊತ್ತು ಸಲಹೆ ಕೊಡುವ ಕ್ಯಾಡಿಯನ್ನು ಅವಶ್ಯವಾಗಿ ತೆಗೆದುಕೊಳ್ಳಿರಿ. ಗ್ರೀನ್‌ಗಳಲ್ಲಿ (ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನಲ್ಲಿ) ಹುಲ್ಲು ಯಾವ ಕಡೆಗೆ ಒರಗಿದೆ ಎಂಬುದು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ, ಆ ಒರಗಿಗೆ ವಿರುದ್ಧವಾದ ಪಟ್ (ಕುಳಿಯತ್ತ ಉರುಳಿಸುವ ಹೊಡೆತ) ಅರ್ಧದಲ್ಲೇ ನಿಲ್ಲುತ್ತದೆ. ಇಟಿಎ (ಶ್ರೀಲಂಕಾ ಪ್ರವೇಶಕ್ಕೆ ಆನ್‌ಲೈನ್‌ನಲ್ಲಿ ಪಡೆಯುವ ಅನುಮತಿ) ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ಮುನ್ನ ಅಧಿಕೃತ ತಾಣವನ್ನೊಮ್ಮೆ ನೋಡಿರಿ.

ರೈಲಿನ ಪ್ರಶ್ನೆಗೆ ಉತ್ತರ ಗಾಲ್ಫ್ ನಿಯಮ 11.1ರಲ್ಲಿದೆ. ಚಲಿಸುತ್ತಿರುವ ಚೆಂಡು ಆಕಸ್ಮಿಕವಾಗಿ ರೈಲಿಗೆ ಬಡಿದು ಹಿಂದಿರುಗಿದರೆ ದಂಡವಿಲ್ಲ. ಚೆಂಡು ಎಲ್ಲಿ ನಿಂತಿತೋ ಅಲ್ಲಿಂದಲೇ ಆಡಬೇಕು. ಓಡುತ್ತಿರುವ ಬೋಗಿಯ ಕಿಟಕಿಯೊಳಗೆ ಹೋಗಿ ಅಲ್ಲೇ ಕುಳಿತುಬಿಟ್ಟರೆ, ಅದು ಮೊದಲು ನಿಂತ ಸ್ಥಳದ ನೇರ ಕೆಳಗಿನ ನೆಲವನ್ನು ಅಂದಾಜು ಮಾಡಿ ಅಲ್ಲಿ ಇನ್ನೊಂದು ಚೆಂಡನ್ನು ಡ್ರಾಪ್ ಮಾಡಬೇಕು (ಕೈಯಿಂದ ನೆಲಕ್ಕೆ ಬಿಡಬೇಕು), ಅದಕ್ಕೂ ದಂಡವಿಲ್ಲ. ಆದರೆ ಹಳಿಯ ಭಾಗವನ್ನು ಮೇರೆಯಾಚೆ ಎಂದು ಗುರುತಿಸಿದ್ದಲ್ಲಿ ಲೆಕ್ಕ ಬೇರೆಯಾಗುವುದರಿಂದ ಸ್ಕೋರ್ ಕಾರ್ಡ್‌ನ ಹಿಂಬದಿಯಲ್ಲಿ ಅಚ್ಚಾಗಿರುವ ಸ್ಥಳೀಯ ನಿಯಮಗಳನ್ನು ಮಗಳಿಂದಲೇ ಗಟ್ಟಿಯಾಗಿ ಓದಿಸಿರಿ. ಪ್ರಯಾಣಿಕರಿರುವ ರೈಲಿನತ್ತ ಹೊಡೆಯುವಂತಿಲ್ಲ ಎಂಬುದನ್ನು ಮಾತ್ರ ಅದಕ್ಕೂ ಮೊದಲು ಹೇಳಿಕೊಡಿರಿ.