ತುರ್ತು: ರೇಸ್‌ಗೆ ‘ವರ್ಣ’ವೋ ‘ಜನಾಂಗ’ವೋ? ಪಬ್ಲಿಕ್ ಮೆಮೊರಿಗೆ ಏನು?

ಗೆಳೆಯರೇ,
ಅಮೆರಿಕದ ಕವಿ, ಪ್ರಾಧ್ಯಾಪಕಿ ನಟಾಶಾ ಟ್ರೆಥೆವೇ ಅವರ ಪದ್ಯಗಳ ಓದು ಇಟ್ಟುಕೊಂಡಿದ್ದೇವೆ. ಬ್ಯಾನರ್ ಸಂಜೆ ಪ್ರೆಸ್ಸಿಗೆ ಹೋಗಬೇಕು. ಹೆಸರಿನ ಕೆಳಗೆ ‘ರೇಸ್, ಹಿಸ್ಟರಿ, ಪಬ್ಲಿಕ್ ಮೆಮೊರಿ’ ಅನ್ನೋದಕ್ಕೆ ‘ವರ್ಣ, ಚರಿತ್ರೆ ಮತ್ತು ಸಾರ್ವಜನಿಕ ಸ್ಮೃತಿ’ ಅಂತ ಬರೆದುಕೊಟ್ಟಿದ್ದಾರೆ. ಧರ್ಮಶಾಸ್ತ್ರದ ಉಪನ್ಯಾಸದ ಹಾಗೆ ಕಾಣುತ್ತದೆ, ಅಲ್ವಾ? ಬೇರೆ ಏನು ಹಾಕಲಿ?

ಧಾರವಾಡದಿಂದ:
‘ವರ್ಣ’, ‘ಸ್ಮೃತಿ’ ಜೊತೆಯಾಗಿ ಬಂದರೆ ಮನುವೇ ಕಣ್ಣಮುಂದೆ ಬರುತ್ತಾನೆ. ‘ಬಣ್ಣ’ ಅನ್ನಿ, ಅಚ್ಚಗನ್ನಡ. ಚರಿತ್ರೆಗೆ ‘ಹಿನ್ನಡವಳಿ’. ಕೊನೆಯದಕ್ಕೆ ‘ಮಂದಿನೆನಪು’. ಸಂಸ್ಕೃತದ ಹಂಗು ಇಷ್ಟು ಯಾಕೆ?

ಮೈಸೂರಿನಿಂದ:
ವರ್ಣ, ವಣ್ಣ, ಬಣ್ಣ. ತದ್ಭವ ಸ್ವಾಮಿ. ‘ಮಂದಿನೆನಪು’ ನಿಮ್ಮ ಕಡೆಯ ಬ್ಯಾನರಿಗೆ ಇರಲಿ.

ಶಿವಮೊಗ್ಗದಿಂದ:
ಇಬ್ಬರೂ ಆ ಪದ್ಯಗಳನ್ನು ಓದಿದ ಹಾಗೆ ಕಾಣಲಿಲ್ಲ. ಟ್ರೆಥೆವೇ ಹುಟ್ಟಿದ್ದು 1966ರಲ್ಲಿ, ಮಿಸಿಸಿಪ್ಪಿಯ ಗಲ್ಫ್‌ಪೋರ್ಟಿನಲ್ಲಿ. ಅಮ್ಮ ಕಪ್ಪು, ಅಪ್ಪ ಬಿಳಿ. ಅಂಥ ಮದುವೆಗೆ ಅಲ್ಲಿ ಕಾನೂನಿನ ಅಡ್ಡಿ. ಒಹಾಯೋಗೆ ಹೋಗಿ ಮದುವೆಯಾಗಿ ವಾಪಸ್ ಬಂದರು. ಸುಪ್ರೀಂ ಕೋರ್ಟು ಆ ಥರದ ಕಾನೂನುಗಳನ್ನು ಹೊಡೆದುಹಾಕಿದ್ದು 1967ರಲ್ಲಿ. ಮೈಬಣ್ಣ ಎಷ್ಟೇ ತಿಳಿಯಾಗಿರಲಿ, ಅಜ್ಜ-ಅಜ್ಜಿ ಯಾರು ಅನ್ನೋದನ್ನೇ ಕೆದಕುತ್ತಿದ್ದರು. ಹಾಗಾಗಿ ‘ಬಣ್ಣ’ ಸಾಲದು, ‘ಜನಾಂಗ’ ಹಾಕಿ.

‘ಮಂದಿನೆನಪು’ ಅರ್ಥವನ್ನೇ ಕೆಡಿಸುತ್ತದೆ. ಗಲ್ಫ್‌ಪೋರ್ಟಿನ ಆಚೆ ಶಿಪ್ ಐಲೆಂಡ್ ಅಂತ ದ್ವೀಪ. ಅಂತರ್ಯುದ್ಧದಲ್ಲಿ ಲೂಯಿಸಿಯಾನದ ಕಪ್ಪು ಸೈನಿಕರು ಅಲ್ಲಿ ಕಾನ್ಫೆಡರೇಟ್ ಕೈದಿಗಳಿಗೆ, ಅಂದರೆ ಗುಲಾಮಗಿರಿ ಬಿಡಲೊಲ್ಲದ ದಕ್ಷಿಣದ ಸೈನ್ಯದವರಿಗೆ, ಕಾವಲಿದ್ದರು. ಕೋಟೆ ಬಾಗಿಲಲ್ಲಿ ಆಮೇಲೆ ಕಂಚಿನ ಫಲಕ ಬಂತು. ಅದರಲ್ಲಿ ಕಾನ್ಫೆಡರೇಟರ ಹೆಸರುಗಳಿದ್ದವು, ಕಾವಲಿದ್ದವರದು ಒಂದೂ ಇಲ್ಲ. 2007ರ ಪುಲಿಟ್ಜರ್ ಪಡೆದ ಅವರ ಪದ್ಯಗಳ ಪುಸ್ತಕ ‘ನೇಟಿವ್ ಗಾರ್ಡ್’ ಹುಟ್ಟಿದ್ದೇ ಆ ಸಿಟ್ಟಿನಿಂದ ಅಂತ ನನಗನ್ನಿಸುತ್ತದೆ. ಒಂದು ಸಂಘ ಕಂಚಿನಲ್ಲಿ ಹಾಕಿಸಿದ ನೆನಪನ್ನು ಮಂದಿಯ ತಲೆಗೆ ಕಟ್ಟುವುದು ಸರಿಯಾ? ‘ಸಾರ್ವಜನಿಕ ನೆನಪು’ ಸಾಕು. ಹಾಂ, ‘ನೇಟಿವ್’ಗೆ ‘ಮೂಲನಿವಾಸಿ’ ಅಂತ ಮಾತ್ರ ಬರೀಬೇಡಿ. ಅದು ಆ ಕಪ್ಪು ಸೈನಿಕರ ಪಲ್ಟನ್ನಿನ ಹೆಸರು.

ಬೆಂಗಳೂರಿನಿಂದ:
‘ಜನಾಂಗ’ ಅಂದ್ರೆ ಜಾತಿ ಸಂಘದ ಪ್ರತಿಭಾ ಪುರಸ್ಕಾರದ ಕರಪತ್ರ ಅನ್ನಿಸುತ್ತೆ. ಸುಮ್ನೆ ‘ರೇಸ್’ ಅಂತ ಬಿಡಿ. ಬಸ್ಸು, ಬ್ಯಾಂಕು, ಬ್ಯಾನರ್ ಒಪ್ಪಿದವರಿಗೆ ಇದೊಂದು ಭಾರವಾ?

ಧಾರವಾಡದಿಂದ:
ಕುದುರೆ ರೇಸ್ ಅಂದುಕೊಂಡು ಜನ ಬರ್ತಾರೆ, ಟಿಕೆಟ್ ಇಡಿ. ಎಲ್ಲಾ ಎರವಲೇ ಆದರೆ ಕನ್ನಡ ಪದ ಹುಡುಕುವ ಈ ಗುಂಪು ಯಾಕೆ? ಮುಚ್ಚಿಬಿಡೋಣ. ‘ಮಂದಿ’ ಅಂದರೆ ಮೈಸೂರಿನವರಿಗೆ ಅಷ್ಟು ಕೀಳಾ?

ಗೆಳೆಯರೇ,
‘ಜನಾಂಗ, ಚರಿತ್ರೆ, ಸಾರ್ವಜನಿಕ ನೆನಪು’ ಅಂತ ಕಳಿಸಿಬಿಟ್ಟೆ. ಪುಸ್ತಕದ ಹೆಸರು ‘ನೇಟಿವ್ ಗಾರ್ಡ್’ ಅಂತಲೇ ಇದೆ. ಟ್ರೆಥೆವೇ ಹೆಸರಿನ ಹಿಂದೆ ಕವಿಯೋ ಕವಯಿತ್ರಿಯೋ ಅನ್ನೋ ಜಗಳ ಮಾತ್ರ ದಯವಿಟ್ಟು ಶುರು ಮಾಡಬೇಡಿ.

ಧಾರವಾಡದಿಂದ:
ಕವಿ ಸಾಕು. ಕವಯಿತ್ರಿ ಸಂಸ್ಕೃತ.

ಮೈಸೂರಿನಿಂದ:
ಕವಿಯೂ ಸಂಸ್ಕೃತವೇ.